ಹೆಸರು ಬಿಟ್ಟುಕೊಟ್ಟ ದೇಶ: ಉತ್ತರ ಮ್ಯಾಸಿಡೋನಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯುಗೊಸ್ಲಾವಿಯ ಒಡೆದ ಕಥೆ ಅಂದರೆ ನಮಗೆ ಥಟ್ಟನೆ ನೆನಪಾಗುವುದು ಬೋಸ್ನಿಯಾ, ಸರಾಯೆವೊ, ಕೊಸೊವೊ. ಅದೇ ಮನೆಯಿಂದ ಬೇರೆಯಾದ ಇನ್ನೊಂದು ನಾಡಿದೆ. ಅಲ್ಲೂ ಎರಡು ದೊಡ್ಡ ಸಮುದಾಯಗಳು, ಎರಡು ಭಾಷೆಗಳು. ಅಲ್ಲೂ ಬಂದೂಕು ಹೊರಬಂದವು, ಆದರೆ ಒಂದು ವರ್ಷ ತುಂಬುವ ಮೊದಲೇ ಒಳಗೆ ಹೋದವು. ಊರಿಗೆ ಊರೇ ಸುಟ್ಟುಹೋಗಲಿಲ್ಲ ಅನ್ನುವ ಕಾರಣಕ್ಕೇ ಈ ದೇಶ ಸುದ್ದಿಯಾಗಲಿಲ್ಲ. ಆ ಸುದ್ದಿಯಾಗದ ಕೆಲಸ ಹೇಗೆ ನಡೆಯಿತು, ಅದಕ್ಕೆ ಹೊರಗಿನವರು ಏನು ಕೊಟ್ಟರು ಅನ್ನುವುದನ್ನು ಗೆಳೆಯರು ಕೇಳುವ ಪ್ರಶ್ನೆಗಳ ಮೂಲಕವೇ ಹೇಳುತ್ತೇನೆ.

ಈ ದೇಶ ಎಲ್ಲಿದೆ? ಅಲ್ಲಿ ಯಾರ್ಯಾರು ಇದ್ದಾರೆ?

ಗ್ರೀಸ್‌ನ ನೆತ್ತಿಯ ಮೇಲೆ. ಪೂರ್ವಕ್ಕೆ ಬಲ್ಗೇರಿಯಾ, ಪಶ್ಚಿಮಕ್ಕೆ ಅಲ್ಬೇನಿಯಾ, ಉತ್ತರಕ್ಕೆ ಸರ್ಬಿಯಾ ಮತ್ತು ಕೊಸೊವೊ. ಸಮುದ್ರ ಇಲ್ಲ. ವಿಸ್ತೀರ್ಣ 25,713 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ. 2021ರ ಜನಗಣತಿಯಲ್ಲಿ ಸಿಕ್ಕಿದ್ದು 18 ಲಕ್ಷ 36 ಸಾವಿರ ಜನ.

ಅವರಲ್ಲಿ ಶೇ. 58ರಷ್ಟು ಮ್ಯಾಸಿಡೋನಿಯನ್ನರು. ಇವರದು ಸ್ಲಾವ್ ಭಾಷೆ, ಅಂದರೆ ರಷ್ಯನ್, ಸರ್ಬಿಯನ್ ಭಾಷೆಗಳ ಬಳಗದ್ದು. ಹೆಚ್ಚಿನವರು ಆರ್ಥೊಡಾಕ್ಸ್ ಕ್ರೈಸ್ತರು. ಶೇ. 24ರಷ್ಟು ಅಲ್ಬೇನಿಯನ್ನರು. ಇವರಲ್ಲಿ ಹೆಚ್ಚಿನವರು ಮುಸ್ಲಿಮರು. ಉಳಿದಂತೆ ತುರ್ಕರು, ರೋಮಾ ಜನ, ಸರ್ಬರು, ಬೋಸ್ನಿಯಾಕರು, ವ್ಲಾಖರು. ಇನ್ನೊಂದು ವಿಷಯ ಗಮನಿಸಿ. ಸುಮಾರು ಶೇ. 7 ಜನರ ಲೆಕ್ಕವನ್ನು ಸರ್ಕಾರಿ ಕಡತಗಳಿಂದ ತೆಗೆದುಕೊಂಡರು. ಅವರ ಜನಾಂಗ ಯಾವುದು ಅಂತ ಬರೆದಿಲ್ಲ. ಹಾಗಾಗಿ "ನಾವೆಷ್ಟು, ನೀವೆಷ್ಟು" ಅನ್ನುವ ವಾದ ಅಲ್ಲಿ ಇನ್ನೂ ಮುಗಿದಿಲ್ಲ. 2011ರಲ್ಲಂತೂ ಇದೇ ಜಗಳಕ್ಕೆ ಜನಗಣತಿಯನ್ನೇ ಅರ್ಧಕ್ಕೆ ನಿಲ್ಲಿಸಿದ್ದರು.

ರಾಜಧಾನಿ ಸ್ಕೋಪಿಯೆ. ನಮಗೆಲ್ಲ ಗೊತ್ತಿರುವ ಮದರ್ ತೆರೇಸಾ 1910ರಲ್ಲಿ ಹುಟ್ಟಿದ್ದು ಇದೇ ಊರಿನ ಅಲ್ಬೇನಿಯನ್ ಕುಟುಂಬದಲ್ಲಿ. ಆಗ ಅದು ಆಟೊಮನ್ ತುರ್ಕರ ಆಳ್ವಿಕೆಯ ಊರು.

ಕಮ್ಯುನಿಸ್ಟರ ಕಾಲದಲ್ಲಿ ಹೇಗಿತ್ತು?

ಕಮ್ಯುನಿಸ್ಟ್ ನಾಯಕ ಟಿಟೊ ಅವರ ಯುಗೊಸ್ಲಾವಿಯದ ಆರು ಗಣರಾಜ್ಯಗಳಲ್ಲಿ ಇದೂ ಒಂದು. ಬಡವರ ಸಾಲಿನದ್ದು. ಆದರೆ ಮ್ಯಾಸಿಡೋನಿಯನ್ನರಿಗೆ ಆ ಕಾಲ ಒಂದು ದೊಡ್ಡ ವಿಷಯ ಕೊಟ್ಟಿತು. 1945ರಲ್ಲಿ ಅವರ ಭಾಷೆಗೆ ಸ್ವಂತ ಅಕ್ಷರಮಾಲೆ, ಕಾಗುಣಿತ ನಿಗದಿಯಾಯಿತು. ಶಾಲೆ, ಪತ್ರಿಕೆ, ರೇಡಿಯೊ ಎಲ್ಲ ಆ ಭಾಷೆಯಲ್ಲಿ ಬಂದವು. ಅದಕ್ಕೂ ಮೊದಲು ಸರ್ಬರು ಅವರನ್ನು ದಕ್ಷಿಣದ ಸರ್ಬರು ಅಂದಿದ್ದರು, ಬಲ್ಗೇರಿಯನ್ನರು ಬಲ್ಗೇರಿಯನ್ನರು ಅಂದಿದ್ದರು.

ಅಲ್ಬೇನಿಯನ್ನರ ಕಥೆ ಬೇರೆ. 1974ರ ಸಂವಿಧಾನ ಅವರನ್ನು ಹೆಸರು ಹಿಡಿದು ಹೇಳಿತ್ತು. 1989ರ ತಿದ್ದುಪಡಿಯಲ್ಲಿ ಅದು "ಮ್ಯಾಸಿಡೋನಿಯನ್ ಜನರ ರಾಷ್ಟ್ರ" ಅಂತ ಬದಲಾಯಿತು. ಮುಂದಿನ ಗಲಾಟೆಯ ಬೀಜ ಬಿದ್ದಿದ್ದು ಆ ಒಂದು ಸಾಲಿನಲ್ಲಿ.

ಯುದ್ಧ ಇಲ್ಲದೆ ಸ್ವತಂತ್ರ ಆಗಿದ್ದು ಹೇಗೆ?

1991ರ ಸೆಪ್ಟೆಂಬರ್ 8ರಂದು ಜನಮತ ಕೇಳಿದರು. ಮತ ಹಾಕಿದವರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಹೂಂ ಅಂದರು. ಅಲ್ಬೇನಿಯನ್ನರಲ್ಲಿ ಬಹುಪಾಲು ಜನ ಮತಗಟ್ಟೆಗೆ ಹೋಗಲೇ ಇಲ್ಲ.

ಆಗಿನ ಅಧ್ಯಕ್ಷ ಕಿರೊ ಗ್ಲಿಗೊರೊವ್ ಹಳೆಯ ಕಮ್ಯುನಿಸ್ಟ್, ಅರ್ಥಶಾಸ್ತ್ರ ಬಲ್ಲವರು. ಅವರು ಯುಗೊಸ್ಲಾವ್ ಸೇನೆಯ ಜೊತೆ ಮಾತಾಡಿದರು. ಸೇನೆ 1992ರ ಮಾರ್ಚ್ ಹೊತ್ತಿಗೆ ತನ್ನ ಆಯುಧ, ಟ್ಯಾಂಕುಗಳನ್ನೆಲ್ಲ ತೆಗೆದುಕೊಂಡು ಹೊರಟುಹೋಯಿತು. ಹೊಸ ದೇಶದ ಕೈಯಲ್ಲಿ ಆಯುಧ ಅಂತ ಹೇಳಿಕೊಳ್ಳುವಂಥದ್ದು ಏನೂ ಉಳಿಯಲಿಲ್ಲ. ಆದರೆ ಒಂದು ಗುಂಡೂ ಹಾರಲಿಲ್ಲ. ಅದೇ ವರ್ಷ ಬೋಸ್ನಿಯಾದಲ್ಲಿ ಏನಾಯಿತು ಅಂತ ನೆನೆದರೆ ಈ ಬರಿಗೈಯ ಬೆಲೆ ತಿಳಿಯುತ್ತದೆ.

ಇನ್ನೊಂದು ಒಳ್ಳೆಯ ಕೆಲಸವೂ ಆಯಿತು. ಜಗಳ ಶುರುವಾಗುವ ಮೊದಲೇ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಡೆ ಕಳಿಸಿತು. ಸುಮಾರು ಸಾವಿರ ಸೈನಿಕರು 1993ರಿಂದ ಗಡಿಯಲ್ಲಿ ಕಾವಲು ನಿಂತರು. ಬೆಂಕಿ ಹತ್ತುವ ಮೊದಲೇ ನೀರಿಟ್ಟುಕೊಂಡು ಕಾಯುವ ಈ ಬಗೆ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು.

ಗ್ಲಿಗೊರೊವ್ ಮೇಲೆ 1995ರ ಅಕ್ಟೋಬರ್ 3ರಂದು ಸ್ಕೋಪಿಯೆಯಲ್ಲಿ ಕಾರ್ ಬಾಂಬ್ ದಾಳಿ ಆಯಿತು. ಒಂದು ಕಣ್ಣು ಹೋಯಿತು, ಜೀವ ಉಳಿಯಿತು.

ಹೆಸರಿನ ಮೇಲೆ ಗ್ರೀಸ್‌ಗೆ ಅಷ್ಟೊಂದು ಸಿಟ್ಟು ಯಾಕೆ?

ಮ್ಯಾಸಿಡೋನಿಯಾ ಅನ್ನುವುದು ಒಂದು ದೇಶದ ಹೆಸರು ಮಾತ್ರ ಅಲ್ಲ, ಒಂದು ದೊಡ್ಡ ಸೀಮೆಯ ಹೆಸರು. 1912-13ರ ಬಾಲ್ಕನ್ ಯುದ್ಧಗಳಲ್ಲಿ ಆ ಸೀಮೆಯನ್ನು ಗ್ರೀಸ್, ಸರ್ಬಿಯಾ, ಬಲ್ಗೇರಿಯಾ ಹಂಚಿಕೊಂಡವು. ದೊಡ್ಡ ಪಾಲು ಸಿಕ್ಕಿದ್ದು ಗ್ರೀಸ್‌ಗೆ. ಥೆಸಲೊನಿಕಿ ನಗರ ಇರುವ ಆ ಪ್ರಾಂತ್ಯವನ್ನು ಗ್ರೀಕರು ಇವತ್ತಿಗೂ ಮ್ಯಾಸಿಡೋನಿಯಾ ಅಂತಲೇ ಕರೆಯುತ್ತಾರೆ. "ಪಕ್ಕದವರು ಇದೇ ಹೆಸರು ಇಟ್ಟುಕೊಂಡರೆ ನಾಳೆ ನಮ್ಮ ನೆಲವನ್ನೂ ಕೇಳುತ್ತಾರೆ" ಅನ್ನುವುದು ಅವರ ಭಯ. ಜೊತೆಗೆ ಅಲೆಕ್ಸಾಂಡರ್ ನಮ್ಮವನು ಅನ್ನುವ ಅಭಿಮಾನ. 1992ರಲ್ಲಿ ಥೆಸಲೊನಿಕಿಯ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದ್ದರು.

ಈ ಭಯವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಎರಡನೇ ಮಹಾಯುದ್ಧ, ಆಮೇಲಿನ ಅಂತರ್ಯುದ್ಧ, ಎರಡರಲ್ಲೂ ಉತ್ತರ ಗ್ರೀಸ್ ತುಂಬ ನೋವು ತಿಂದಿದೆ. ಆದರೆ ಹೇಳಿಕೊಳ್ಳುವಂಥ ಸೈನ್ಯವೇ ಇಲ್ಲದ 20 ಲಕ್ಷ ಜನರ ದೇಶ ಗ್ರೀಸ್‌ನ ನೆಲ ಕಿತ್ತುಕೊಳ್ಳುತ್ತದೆ ಅನ್ನುವುದು ನಂಬುವ ಮಾತಲ್ಲ. 1992ರಲ್ಲೇ ಮ್ಯಾಸಿಡೋನಿಯನ್ನರು ಸಂವಿಧಾನ ತಿದ್ದಿ, ನಮಗೆ ಯಾರ ನೆಲದ ಮೇಲೂ ಹಕ್ಕಿಲ್ಲ ಅಂತ ಬರೆದುಕೊಂಡರು. ಆದರೂ 1993ರಲ್ಲಿ ವಿಶ್ವಸಂಸ್ಥೆ ಸೇರುವಾಗ "ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ" ಅನ್ನುವ ಉದ್ದದ ತಾತ್ಕಾಲಿಕ ಹೆಸರು ಹೊತ್ತುಕೊಳ್ಳಬೇಕಾಯಿತು. 1994ರಲ್ಲಿ ಗ್ರೀಸ್ ಗಡಿ ಮುಚ್ಚಿ, ಥೆಸಲೊನಿಕಿ ಬಂದರಿನ ದಾರಿ ಕಟ್ಟಿತು. ಸಮುದ್ರ ಇಲ್ಲದ ದೇಶಕ್ಕೆ ಅದು ಉಸಿರು ಕಟ್ಟಿದ ಹಾಗೆ. 1995ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ತಾತ್ಕಾಲಿಕ ಒಪ್ಪಂದ ಆಯಿತು. ಪ್ರಾಚೀನ ಮ್ಯಾಸಿಡೋನಿಯಾದ ಸೂರ್ಯನ ಚಿಹ್ನೆ ಇದ್ದ ಬಾವುಟವನ್ನು ಅವರು ಬದಲಾಯಿಸಿದರು, ಗ್ರೀಸ್ ಗಡಿ ತೆರೆಯಿತು. ಹೆಸರಿನ ಮಾತು ಹಾಗೇ ಉಳಿಯಿತು, ಇನ್ನೂ 23 ವರ್ಷ.

ಹಾಗಾದರೆ ಅಲೆಕ್ಸಾಂಡರ್ ಯಾರವನು?

ಅವನು ಹುಟ್ಟಿದ್ದು ಪೆಲ್ಲಾದಲ್ಲಿ. ಆ ಊರು ಈಗ ಗ್ರೀಸ್‌ನಲ್ಲಿದೆ. ಸ್ಲಾವ್ ಜನ ಬಾಲ್ಕನ್‌ಗೆ ಬಂದಿದ್ದು ಅವನು ಸತ್ತು ಸುಮಾರು ಒಂಬತ್ತು ನೂರು ವರ್ಷ ಆದಮೇಲೆ. ಭಾಷೆಯ ದೃಷ್ಟಿಯಿಂದ ಇವತ್ತಿನ ಮ್ಯಾಸಿಡೋನಿಯನ್ನರಿಗೂ ಅವನಿಗೂ ನಂಟಿಲ್ಲ. ಆದರೆ ಒಂದು ನೆಲದ ಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಬಾಳಿದವರು ಆ ನೆಲದ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳುವುದು ಸಹಜ ಅಲ್ವಾ? ಅದಕ್ಕೆ ಅಲೆಕ್ಸಾಂಡರ್ ಬೇಕಾಗಿಲ್ಲ.

2001ರಲ್ಲಿ ನಡೆದ ಗಲಾಟೆ ಏನು?

ಅದನ್ನು ಅರ್ಥ ಮಾಡಿಕೊಳ್ಳಲು ಎರಡು ವರ್ಷ ಹಿಂದೆ ಹೋಗಬೇಕು. 1999ರಲ್ಲಿ ಪಕ್ಕದ ಕೊಸೊವೊದಲ್ಲಿ ಸರ್ಬರಿಗೂ ಅಲ್ಬೇನಿಯನ್ನರಿಗೂ ಯುದ್ಧ. ಕೆಲವೇ ವಾರಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಅಲ್ಬೇನಿಯನ್ ನಿರಾಶ್ರಿತರು ಈ ಪುಟ್ಟ ದೇಶಕ್ಕೆ ಬಂದರು. ಅಂದರೆ ಆರೇಳು ಜನ ಇರುವ ಮನೆಗೆ ಒಬ್ಬ ನೆಂಟ ಬಂದ ಹಾಗೆ, ಪ್ರತಿ ಮನೆಗೂ. ಬ್ಲಾತ್ಸೆ ಗಡಿಯಲ್ಲಿ ಕೆಸರಿನಲ್ಲಿ ಕಾದವರನ್ನು, ಸ್ಟೆಂಕೊವೆತ್ಸ್ ಶಿಬಿರದ ಡೇರೆಗಳನ್ನು ಟಿ.ವಿ.ಯಲ್ಲಿ ಜಗತ್ತೇ ನೋಡಿತು. ಹೆಚ್ಚಿನವರು ಯುದ್ಧ ಮುಗಿದ ಕೂಡಲೇ ವಾಪಸ್ ಹೋದರು. ಆದರೆ ಕೊಸೊವೊದ ಆಯುಧಗಳು, ಹೋರಾಡಿದ ಅನುಭವ ಗಡಿ ದಾಟಿ ಇಲ್ಲಿ ಉಳಿದವು.

ಮ್ಯಾಸಿಡೋನಿಯಾದ ಅಲ್ಬೇನಿಯನ್ನರಿಗೆ ಅವರದೇ ದೂರುಗಳಿದ್ದವು. ಪೊಲೀಸರಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಅವರ ಜನ ತುಂಬ ಕಡಿಮೆ. ತಮ್ಮ ಭಾಷೆಯಲ್ಲಿ ವಿಶ್ವವಿದ್ಯಾಲಯ ಬೇಕು ಅಂತ 1994ರಲ್ಲಿ ಟೆಟೊವೊದಲ್ಲಿ ತಾವೇ ಒಂದನ್ನು ಶುರು ಮಾಡಿದರೆ ಸರ್ಕಾರ ಅದನ್ನು ಕಾನೂನುಬಾಹಿರ ಅಂದಿತು. 2001ರ ಆರಂಭದಲ್ಲಿ ಗಡಿಯ ತಾನುಷೆವ್ಸಿ ಹಳ್ಳಿಯಲ್ಲಿ ಬಂಡಾಯ ಶುರುವಾಯಿತು. ಮಾರ್ಚ್‌ನಲ್ಲಿ ಟೆಟೊವೊ ಮೇಲಿನ ಬೆಟ್ಟಗಳಲ್ಲಿ ಗುಂಡಿನ ಸದ್ದು. ಜೂನ್‌ನಲ್ಲಿ ಬಂಡುಕೋರರು ರಾಜಧಾನಿಗೆ ಅಂಟಿಕೊಂಡೇ ಇರುವ ಅರಾಚಿನೊವೊವರೆಗೆ ಬಂದರು. ಅವರ ರಾಜಕೀಯ ನಾಯಕ ಅಲಿ ಅಹ್ಮೆತಿ.

ಆಗ ಐರೋಪ್ಯ ಒಕ್ಕೂಟ, ಅಮೆರಿಕ, ನ್ಯಾಟೊ ಮೂವರೂ ಒಟ್ಟಿಗೆ ಬಂದು ಕೂತರು. ಬೋಸ್ನಿಯಾದಲ್ಲಿ ತಡ ಮಾಡಿದ ತಪ್ಪು ಎಲ್ಲರ ಕಣ್ಣಮುಂದೆ ಇತ್ತು. ಆಗಸ್ಟ್ 13ರಂದು ಸಹಿ ಬಿತ್ತು. ಮಾತುಕತೆ ಹೆಚ್ಚಾಗಿ ನಡೆದ ಸರೋವರದ ಊರಿನ ಹೆಸರೇ ಅದಕ್ಕೆ ಬಂತು, ಓಹ್ರಿಡ್ ಒಪ್ಪಂದ. ಅಧ್ಯಕ್ಷ ಬೊರಿಸ್ ಟ್ರೈಕೊವ್ಸ್ಕಿ ಜೊತೆ ನಾಲ್ಕು ಪಕ್ಷಗಳ ನಾಯಕರು ಸಹಿ ಹಾಕಿದರು, ಎರಡು ಮ್ಯಾಸಿಡೋನಿಯನ್ ಪಕ್ಷ, ಎರಡು ಅಲ್ಬೇನಿಯನ್ ಪಕ್ಷ. ನ್ಯಾಟೊ ಸೈನಿಕರು 30 ದಿನಗಳಲ್ಲಿ ಬಂಡುಕೋರರಿಂದ 3,800ಕ್ಕೂ ಹೆಚ್ಚು ಆಯುಧಗಳನ್ನು ಒಪ್ಪಿಸಿಕೊಂಡರು.

ಓಹ್ರಿಡ್ ಒಪ್ಪಂದದಲ್ಲಿ ಏನಿದೆ?

ಮೊದಲ ಮಾತು, ದೇಶವನ್ನು ಭಾಗ ಮಾಡುವ ಹಾಗಿಲ್ಲ. ಜನಾಂಗದ ಪ್ರಶ್ನೆಗೆ ನೆಲ ಹಂಚುವುದು ಪರಿಹಾರ ಅಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಬೋಸ್ನಿಯಾದ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದ ಆ ದೇಶವನ್ನು ಎರಡು ತುಂಡಾಗಿಟ್ಟಿತು. ಇವರು ಆ ದಾರಿ ಹಿಡಿಯಲಿಲ್ಲ.

ಬದಲಿಗೆ ಭಾಷೆಗೆ ಜಾಗ ಕೊಟ್ಟರು. ದೇಶದಲ್ಲಿ ಕನಿಷ್ಠ ಶೇ. 20 ಜನ ಆಡುವ ಭಾಷೆ ಮ್ಯಾಸಿಡೋನಿಯನ್ ಜೊತೆಗೆ ಅಧಿಕೃತ ಭಾಷೆ. ಹಾಗಂದರೆ ಅಲ್ಬೇನಿಯನ್. ಯಾವುದೇ ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲೂ ಶೇ. 20 ದಾಟಿದ ಸಮುದಾಯದ ಭಾಷೆ ಅಲ್ಲಿ ಅಧಿಕೃತ. ಸ್ಕೋಪಿಯೆಯ ಶುಟೊ ಒರಿಜಾರಿಯಲ್ಲಿ ಇದೇ ನಿಯಮದಿಂದ ರೋಮಾ ಜನರ ರೋಮಾನಿ ಭಾಷೆಗೂ ಆ ಸ್ಥಾನ ಸಿಕ್ಕಿದೆ. ಯುರೋಪಿನ ಎಲ್ಲ ಕಡೆ ಅಟ್ಟಿಸಿಕೊಂಡ ಜನರ ಭಾಷೆಗೆ ಒಂದು ಕಚೇರಿಯ ಬೋರ್ಡಿನ ಮೇಲೆ ಜಾಗ! ನನಗೆ ಈ ಒಪ್ಪಂದದಲ್ಲಿ ತುಂಬ ಇಷ್ಟವಾದ ವಿಷಯ ಇದೇ.

ಇನ್ನೊಂದು ಮುಖ್ಯ ನಿಯಮವನ್ನು ಅಲ್ಲಿನವರು ಬಾಡೆಂಟರ್ ಅನ್ನುತ್ತಾರೆ. ಫ್ರಾನ್ಸ್‌ನ ಕಾನೂನು ತಜ್ಞ ರೊಬೆರ್ ಬಾಡೆಂಟರ್ ಹೆಸರು ಅದು. ಭಾಷೆ, ಶಿಕ್ಷಣ, ಸಂಸ್ಕೃತಿ, ಸ್ಥಳೀಯ ಆಡಳಿತದ ಕಾನೂನು ಪಾಸಾಗಬೇಕಾದರೆ ಸದನದ ಬಹುಮತ ಒಂದೇ ಸಾಲದು. ಅಲ್ಪಸಂಖ್ಯಾತ ಸಮುದಾಯಗಳ ಶಾಸಕರಲ್ಲೂ ಬಹುಮತ ಬೇಕು. ತಲೆ ಎಣಿಸಿ ಚಿಕ್ಕವರ ಬಾಯಿ ಮುಚ್ಚಿಸುವಂತಿಲ್ಲ.

ಅದು ನಿಜವಾಗಿ ಕೆಲಸ ಮಾಡಿತೇ?

ಒಬ್ಬ ವ್ಯಕ್ತಿಯ ಕಥೆ ಹೇಳುತ್ತೇನೆ. ತಲತ್ ಜಾಫೆರಿ 2001ರಲ್ಲಿ ಸರ್ಕಾರಿ ಸೇನೆ ಬಿಟ್ಟು ಬಂಡುಕೋರರ ಜೊತೆ ಸೇರಿದವರು. 2013ರಲ್ಲಿ ಅದೇ ದೇಶದ ರಕ್ಷಣಾ ಸಚಿವರಾದರು. 2017ರಲ್ಲಿ ಸಂಸತ್ತಿನ ಸಭಾಧ್ಯಕ್ಷರಾದರು. 2024ರ ಜನವರಿಯಲ್ಲಿ ಚುನಾವಣೆಗೆ ಮುಂಚಿನ ಉಸ್ತುವಾರಿ ಸರ್ಕಾರದ ಪ್ರಧಾನಿಯಾದರು. ಆ ಹುದ್ದೆಗೆ ಬಂದ ಮೊದಲ ಅಲ್ಬೇನಿಯನ್ ಅವರೇ. 23 ವರ್ಷದಲ್ಲಿ ಇಷ್ಟು ದೂರ ಬರುವುದು ಸಣ್ಣ ಮಾತಲ್ಲ.

ಕೊರತೆಗಳೂ ಇವೆ. ಮಕ್ಕಳು ತಂತಮ್ಮ ಭಾಷೆಯಲ್ಲಿ ಓದುತ್ತಾರೆ, ಅದು ಸರಿ. ಆದರೆ ಒಂದೇ ಊರಿನ ಮಕ್ಕಳು ಬೇರೆ ಬೇರೆ ಪಾಳಿಯಲ್ಲಿ, ಬೇರೆ ಕಟ್ಟಡದಲ್ಲಿ ಓದಿ, ಒಬ್ಬರನ್ನೊಬ್ಬರು ನೋಡದೆ ಬೆಳೆಯುತ್ತಾರೆ. ಸರ್ಕಾರಿ ನೌಕರಿ ಅನ್ನುವುದು ಪಕ್ಷದವರಿಗೆ ಹಂಚುವ ಪಾಲಾಯಿತು. ಅಹ್ಮೆತಿ ಕಟ್ಟಿದ ಪಕ್ಷ ನಡುವೆ ಎರಡು ವರ್ಷ ಬಿಟ್ಟರೆ 2002ರಿಂದ 2024ರವರೆಗೆ ಸರ್ಕಾರದ ಭಾಗವಾಗಿಯೇ ಇತ್ತು. ಅಷ್ಟು ವರ್ಷ ಒಬ್ಬರೇ ಕೂತರೆ ಏನಾಗುತ್ತದೆ ಅಂತ ನಮಗೂ ಗೊತ್ತು. ಕೊನೆಗೆ ಅಲ್ಬೇನಿಯನ್ ಮತದಾರರೇ ಬೇಸತ್ತು ಬೇರೆ ಮೈತ್ರಿಕೂಟಕ್ಕೂ ಮತ ಹಾಕಿದರು.

ಸ್ಕೋಪಿಯೆಯಲ್ಲಿ ಅಷ್ಟೊಂದು ಪ್ರತಿಮೆಗಳು ಯಾಕಿವೆ?

2008ರಲ್ಲಿ ಬುಕಾರೆಸ್ಟ್‌ನಲ್ಲಿ ನ್ಯಾಟೊ ಸಭೆ. ಸೇರಿಸಿಕೊಳ್ಳುತ್ತಾರೆ ಅಂತ ಇಡೀ ದೇಶ ಕಾದಿತ್ತು. ಗ್ರೀಸ್ ಅಡ್ಡ ನಿಂತಿತು. ತಾತ್ಕಾಲಿಕ ಹೆಸರಿನಲ್ಲಿ ಸೇರುವುದಾದರೆ ತಡೆಯುವುದಿಲ್ಲ ಅನ್ನುವ 1995ರ ಒಪ್ಪಂದ ಮುರಿದದ್ದು ಗ್ರೀಸ್ ಅಂತ 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 15-1 ಮತದಿಂದ ಹೇಳಿತು. ತೀರ್ಪು ಬಂತು, ಬಾಗಿಲು ತೆರೆಯಲಿಲ್ಲ.

ಆಗಿನ ಪ್ರಧಾನಿ ನಿಕೊಲಾ ಗ್ರುಯೆವ್ಸ್ಕಿ ಈ ಅವಮಾನವನ್ನು ಬಂಡವಾಳ ಮಾಡಿಕೊಂಡರು. ವಿಮಾನ ನಿಲ್ದಾಣಕ್ಕೆ ಮೊದಲೇ ಇಟ್ಟಿದ್ದ ಅಲೆಕ್ಸಾಂಡರ್ ಹೆಸರು ಹೆದ್ದಾರಿಗೂ ಬಂತು. ಊರಿನ ಚೌಕದಲ್ಲಿ "ಕುದುರೆ ಮೇಲಿನ ಯೋಧ" ಅನ್ನುವ ಭಾರೀ ಪ್ರತಿಮೆ. 1963ರ ಭೂಕಂಪದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು, ಜಗತ್ತಿನ ನೆರವಿನಿಂದ ಮತ್ತೆ ಎದ್ದ ಊರು ಅದು. ಆ ನೆನಪನ್ನು ಪ್ಲಾಸ್ಟರಿನ ಕಂಬಗಳಿಂದ ಮುಚ್ಚಿದ್ದು ನನಗೆ ನೋವಿನ ವಿಷಯ. ಖರ್ಚಾದ ದುಡ್ಡಿನಷ್ಟೇ ನೋವಿನದು.

2015ರಲ್ಲಿ ಅವರ ಸರ್ಕಾರ ಸಾವಿರಾರು ಜನರ ಫೋನ್ ಕದ್ದು ಕೇಳಿತು ಅನ್ನುವ ಹಗರಣ ಹೊರಬಂತು. 2016ರಲ್ಲಿ ಯುವಕರು ಬಣ್ಣ ತುಂಬಿದ ಬಲೂನುಗಳನ್ನು ಸರ್ಕಾರಿ ಕಟ್ಟಡಗಳಿಗೆ ಎಸೆದು ಪ್ರತಿಭಟಿಸಿದರು. ಆ ಚಳವಳಿಯಲ್ಲಿ ಮ್ಯಾಸಿಡೋನಿಯನ್ನರೂ ಅಲ್ಬೇನಿಯನ್ನರೂ ಒಟ್ಟಿಗೆ ನಡೆದರು. 2017ರ ಏಪ್ರಿಲ್ 27ರಂದು, ಜಾಫೆರಿ ಸಭಾಧ್ಯಕ್ಷರಾದ ದಿನ, ಒಂದು ಗುಂಪು ಸಂಸತ್ತಿಗೇ ನುಗ್ಗಿ ಶಾಸಕರನ್ನು ಹೊಡೆಯಿತು. ಮುಂದೆ ಪ್ರಧಾನಿಯಾದ ಝೋರಾನ್ ಝಾಯೆವ್ ಅವರ ಮುಖವೆಲ್ಲ ರಕ್ತ. ಗ್ರುಯೆವ್ಸ್ಕಿ ಶಿಕ್ಷೆಯಾದ ಮೇಲೆ 2018ರಲ್ಲಿ ಹಂಗೆರಿಗೆ ಓಡಿಹೋಗಿ ಆಶ್ರಯ ಪಡೆದರು.

ಕೊನೆಗೆ ಹೆಸರು ಬದಲಾಗಿದ್ದು ಹೇಗೆ?

2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದಲ್ಲಿ. ಝಾಯೆವ್ ದೋಣಿಯಲ್ಲಿ ಗ್ರೀಸ್‌ನ ದಡಕ್ಕೆ ಬಂದರು, ಗ್ರೀಸ್ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಕಾಯುತ್ತಿದ್ದರು. ದೇಶದ ಹೆಸರು ಒಳಗೂ ಹೊರಗೂ "ಉತ್ತರ ಮ್ಯಾಸಿಡೋನಿಯಾ ಗಣರಾಜ್ಯ". ಆದರೆ ಭಾಷೆಯ ಹೆಸರು ಮ್ಯಾಸಿಡೋನಿಯನ್ ಅಂತಲೇ ಉಳಿಯಿತು. ಅದನ್ನು ಗ್ರೀಸ್ ಒಪ್ಪಿದ್ದು ಸಣ್ಣ ವಿಷಯ ಅಲ್ಲ.

ಈ ಒಪ್ಪಂದದ ಮೇಲೆ ನಡೆದ ಜನಮತಕ್ಕೆ ಬಂದವರು ಶೇ. 37 ಮಾತ್ರ. ಬಂದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಹೂಂ ಅಂದರು, ಉಳಿದವರು ಮನೆಯಲ್ಲೇ ಕೂತು ಉತ್ತರ ಹೇಳಿದರು. 2019ರ ಜನವರಿಯಲ್ಲಿ 120 ಜನರ ಸದನದಲ್ಲಿ 81 ಮತಗಳಿಂದ ಸಂವಿಧಾನ ತಿದ್ದಿದರು. ಗ್ರೀಸ್ ಸಂಸತ್ತಿನಲ್ಲಿ 153-146. ಸಿಪ್ರಾಸ್ ಅವರ ಮೈತ್ರಿ ಪಕ್ಷ ಇದೇ ಕಾರಣಕ್ಕೆ ಹೊರನಡೆಯಿತು, ಅದೇ ವರ್ಷ ಅವರು ಚುನಾವಣೆಯಲ್ಲೂ ಸೋತರು.

1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆದಾಗ ಅದು ನಮ್ಮವರೇ ಬೇಡಿ ಪಡೆದ ಹೆಸರು. ಇವರದು ಹಾಗಲ್ಲ. ಪಕ್ಕದ ಮನೆಯವರ ಒತ್ತಾಯಕ್ಕೆ ತಮ್ಮ ಹೆಸರಿಗೆ ಒಂದು ದಿಕ್ಕು ಸೇರಿಸಿಕೊಂಡರು. ಮಕ್ಕಳ ಭವಿಷ್ಯಕ್ಕಾಗಿ ಅಂತ ಒಪ್ಪಿದರು. ಅದಕ್ಕೇ ಮುಂದೆ ನಡೆದದ್ದು ನನಗೆ ಅನ್ಯಾಯ ಅನ್ನಿಸುತ್ತದೆ.

ಮುಂದೆ ಏನಾಯಿತು?

ನ್ಯಾಟೊ ಮಾತು ಉಳಿಸಿಕೊಂಡಿತು. 2020ರ ಮಾರ್ಚ್ 27ರಂದು 30ನೇ ಸದಸ್ಯ. ಐರೋಪ್ಯ ಒಕ್ಕೂಟ ಉಳಿಸಿಕೊಳ್ಳಲಿಲ್ಲ. 2005ರಿಂದ ಅಭ್ಯರ್ಥಿ ದೇಶವಾಗಿ ಕಾಯುತ್ತಿದ್ದವರನ್ನು 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ತಡೆಯಿತು. ಒಕ್ಕೂಟದ ನಿಯಮವೇ ಮೊದಲು ಬದಲಾಗಲಿ ಅಂದಿತು. 2020ರ ನವೆಂಬರ್‌ನಲ್ಲಿ ಬಲ್ಗೇರಿಯಾ ಎದ್ದು ನಿಂತಿತು.

ಬಲ್ಗೇರಿಯಾಕ್ಕೆ ಏನು ತೊಂದರೆ?

ಗ್ರೀಸ್‌ನ ಜಗಳ ದೇಶದ ಹೆಸರಿನ ಮೇಲೆ. ಬಲ್ಗೇರಿಯಾದ ಜಗಳ ಜನ ಮತ್ತು ಭಾಷೆಯ ಮೇಲೆ. ಅದಕ್ಕೇ ಇದು ಹೆಚ್ಚು ಆಳಕ್ಕೆ ಚುಚ್ಚುತ್ತದೆ. 1992ರಲ್ಲಿ ಈ ದೇಶವನ್ನು ಮೊಟ್ಟಮೊದಲು ಮಾನ್ಯ ಮಾಡಿದ್ದೇ ಬಲ್ಗೇರಿಯಾ. ಆದರೆ ಅಲ್ಲಿ ಬೇರೆ ಜನಾಂಗ, ಬೇರೆ ಭಾಷೆ ಇದೆ ಅಂತ ಅದು ಒಪ್ಪಲಿಲ್ಲ. ಮ್ಯಾಸಿಡೋನಿಯನ್ ಅನ್ನುವುದು ಬಲ್ಗೇರಿಯನ್‌ನ ಒಂದು ಬಗೆ ಅನ್ನುವುದು ಅವರ ವಾದ. ಕೊಂಕಣಿ ಸ್ವತಂತ್ರ ಭಾಷೆಯೋ ಮರಾಠಿಯ ಉಪಭಾಷೆಯೋ ಅನ್ನುವ ವಾದ ಕೇಳಿದ ಕರಾವಳಿಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಭಾಷೆಗಳು ಹತ್ತಿರದವು, ನಿಜ. ಆದರೆ ಒಂದು ಭಾಷೆ ಇದೆಯೋ ಇಲ್ಲವೋ ಹೇಳಬೇಕಾದವರು ಅದನ್ನು ಆಡುವವರು, ಪಕ್ಕದ ದೇಶದ ಸರ್ಕಾರ ಅಲ್ಲ.

ಇತಿಹಾಸದ ಜಗಳವೂ ಇದೆ. ತುರ್ಕರ ವಿರುದ್ಧ ಹೋರಾಡಿ 1903ರಲ್ಲಿ ಸತ್ತ ಗೊತ್ಸೆ ದೆಲ್ಚೆವ್ ಯಾರವನು? ಎರಡೂ ದೇಶಗಳು ನಮ್ಮವನು ಅನ್ನುತ್ತವೆ. ಎರಡನೇ ಮಹಾಯುದ್ಧದಲ್ಲಿ ಬಲ್ಗೇರಿಯಾ ಸೇನೆ ಇಲ್ಲಿ ಆಡಳಿತ ನಡೆಸಿತು. 1943ರ ಮಾರ್ಚ್‌ನಲ್ಲಿ ಇಲ್ಲಿನ 7 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಹಿಡಿದು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಕಳಿಸಿದರು. ಅದನ್ನು ಶಾಲೆಯ ಪುಸ್ತಕದಲ್ಲಿ ಯಾವ ಪದ ಬಳಸಿ ಬರೆಯಬೇಕು ಅಂತ ಎರಡೂ ದೇಶದ ಇತಿಹಾಸಕಾರರ ಸಮಿತಿ ವರ್ಷಗಟ್ಟಲೆ ಕೂತಿದೆ. ಇಂಥದ್ದನ್ನು ಒಕ್ಕೂಟದ ಬಾಗಿಲಿಗೆ ಬೀಗವಾಗಿ ಹಾಕಬಾರದಿತ್ತು.

2022ರಲ್ಲಿ ಫ್ರಾನ್ಸ್ ಒಂದು ದಾರಿ ಸೂಚಿಸಿತು. ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರನ್ನೂ ಸೇರಿಸಿ, ಮಾತುಕತೆ ಮುಂದೆ ಹೋಗುತ್ತದೆ ಅಂತ. ಜನಗಣತಿಯಲ್ಲಿ ಬಲ್ಗೇರಿಯನ್ನರು ಅಂತ ಬರೆಸಿಕೊಂಡವರು 3,504 ಜನ. ಅವರ ಹೆಸರು ಸೇರಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಇದಾದ ಮೇಲೆ ಇನ್ನೊಂದು ಬೇಡಿಕೆ ಬರುವುದಿಲ್ಲ ಅಂತ ಏನು ಗ್ಯಾರಂಟಿ ಅಂತ ಅಲ್ಲಿನವರು ಕೇಳುತ್ತಾರೆ. ಬಾವುಟ ಬದಲಿಸಿ, ಹೆಸರು ಬದಲಿಸಿ ಬಂದವರ ಪ್ರಶ್ನೆ ಅದು. ತಿದ್ದುಪಡಿಗೆ 80 ಮತ ಬೇಕು, ಅಷ್ಟು ಸಿಗಲಿಲ್ಲ.

2024ರ ಚುನಾವಣೆ ಏನು ಹೇಳಿತು?

ಆ ಸಿಟ್ಟನ್ನೇ ಹೇಳಿತು. ಗ್ರುಯೆವ್ಸ್ಕಿ ಹಿಂದೆ ನಡೆಸುತ್ತಿದ್ದ, ಹೆಸರು ಬದಲಾವಣೆಯನ್ನು ವಿರೋಧಿಸಿದ ವಿಎಂಆರ್‌ಒ ಪಕ್ಷ 120ರಲ್ಲಿ 58 ಸ್ಥಾನ ಗೆದ್ದಿತು. ಹ್ರಿಸ್ತಿಯಾನ್ ಮಿತ್ಸ್ಕೊಸ್ಕಿ ಪ್ರಧಾನಿಯಾದರು. ಗೊರ್ದಾನಾ ಸಿಲ್ಯಾನೊವ್ಸ್ಕಾ ದಾವ್ಕೊವಾ ದೇಶದ ಮೊದಲ ಮಹಿಳಾ ಅಧ್ಯಕ್ಷೆ. ಪ್ರಮಾಣವಚನದ ದಿನ ಅವರು "ಉತ್ತರ" ಬಿಟ್ಟು ಬರೀ ಮ್ಯಾಸಿಡೋನಿಯಾ ಅಂದರು. ಗ್ರೀಸ್ ರಾಯಭಾರಿ ಎದ್ದು ಹೊರನಡೆದರು. ಅದೇ ವರ್ಷ ಒಕ್ಕೂಟವು ಇಷ್ಟು ದಿನ ಜೊತೆಯಲ್ಲಿಟ್ಟಿದ್ದ ಅಲ್ಬೇನಿಯಾವನ್ನು ಬೇರೆ ಮಾಡಿ ಮುಂದೆ ಕರೆದುಕೊಂಡು ಹೋಯಿತು.

ಕಾದು ಕಾದು ಸಾಕಾದ ಎಷ್ಟೋ ಯುವಕರು ಜರ್ಮನಿಗೆ ಹೊರಟಿದ್ದಾರೆ. ಸಾವಿರಾರು ಜನ ಬಲ್ಗೇರಿಯಾ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾರೆ, ಅದಿದ್ದರೆ ಯುರೋಪಿನಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಂತ.

ಚೀನಾ, ರಷ್ಯಾ, ಕೊಸೊವೊ ಜೊತೆ ಸಂಬಂಧ ಹೇಗೆ?

ಚೀನಾ ಜೊತೆ ಒಂದು ಕಹಿ ಪಾಠ ಇದೆ. 1999ರಲ್ಲಿ ಹಣದ ಆಸೆಗೆ ತೈವಾನ್‌ಗೆ ಮಾನ್ಯತೆ ಕೊಟ್ಟರು. ಕೂಡಲೇ ಚೀನಾ ಭದ್ರತಾ ಮಂಡಳಿಯಲ್ಲಿ ವಿಟೊ ಹಾಕಿತು. ಕೊಸೊವೊ ಯುದ್ಧದಲ್ಲಿ ನ್ಯಾಟೊ ಬಾಂಬ್ ದಾಳಿ ಶುರುವಾಗುವ ಸುಮಾರು ಒಂದು ತಿಂಗಳ ಮೊದಲು, 1993ರಿಂದ ಗಡಿ ಕಾದಿದ್ದ ವಿಶ್ವಸಂಸ್ಥೆಯ ಶಾಂತಿಪಡೆ ಮನೆಗೆ ಹೋಯಿತು. 2001ರಲ್ಲಿ ಮತ್ತೆ ಬೀಜಿಂಗ್ ಕಡೆ ತಿರುಗಿದರು. ಕೊಸೊವೊವನ್ನು 2008ರಲ್ಲಿ ಮಾನ್ಯ ಮಾಡಿದರು. ಸರ್ಬಿಯಾಕ್ಕೆ ಸಿಟ್ಟು ಬಂತು, ಆದರೆ ವ್ಯಾಪಾರ ನಿಲ್ಲಲಿಲ್ಲ. 1967ರಲ್ಲಿ ಮ್ಯಾಸಿಡೋನಿಯನ್ ಚರ್ಚು ಸರ್ಬಿಯನ್ ಚರ್ಚಿನಿಂದ ಬೇರೆಯಾದಾಗಿನಿಂದ ನಡೆಯುತ್ತಿದ್ದ ಜಗಳವೂ 2022ರಲ್ಲಿ ರಾಜಿಯಾಗಿ ಮುಗಿಯಿತು. ರಷ್ಯಾದ ಯುಕ್ರೇನ್ ದಾಳಿಯ ನಂತರ ಸ್ಕೋಪಿಯೆ ಯುರೋಪಿನ ನಿರ್ಬಂಧಗಳ ಜೊತೆಗೇ ನಿಂತಿತು.

ಅಲ್ಲಿನ ಜನರನ್ನು ಏನಂತ ಕರೆಯಬೇಕು?

ದೇಶದ ಬಗ್ಗೆ ಬರೆಯುವಾಗ ಉತ್ತರ ಮ್ಯಾಸಿಡೋನಿಯಾ ಅನ್ನಿ. ಜನರನ್ನು "ಉತ್ತರ ಮ್ಯಾಸಿಡೋನಿಯನ್ನರು" ಅನ್ನಬೇಡಿ. ಪ್ರೆಸ್ಪಾ ಒಪ್ಪಂದವೂ ಹಾಗೆ ಹೇಳುವುದಿಲ್ಲ, ಅವರಿಗೂ ನೋವಾಗುತ್ತದೆ. ಅವರು ಮ್ಯಾಸಿಡೋನಿಯನ್ನರು, ಅವರ ಭಾಷೆ ಮ್ಯಾಸಿಡೋನಿಯನ್. ಟೆಟೊವೊದವರು ಸಿಕ್ಕರೆ ಮಾತ್ರ ಮೊದಲೇ ಹಾಗಂದುಬಿಡಬೇಡಿ. ಅವರು ಅಲ್ಬೇನಿಯನ್ ಇರಬಹುದು, ತುರ್ಕರಿರಬಹುದು. ಯಾವ ಊರು ಅಂತ ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.